ಟರ್ಬೊ ಕಾರಿನ ಆಕ್ಸಿಜನ್ ಸೆನ್ಸರ್: ಬದಲಾಯಿಸಿದವರು ಅನುಭವ ಹೇಳಿ

ಕೇಳಿದವರು:
ನನ್ನದು ಟರ್ಬೊ ಪೆಟ್ರೋಲ್ ಕಾರು. ಎರಡು ವಾರದಿಂದ ಚೆಕ್ ಎಂಜಿನ್ ಲೈಟ್ ಉರಿಯುತ್ತಿದೆ. ಸ್ಕ್ಯಾನರ್ ಹಾಕಿದರೆ ಪಿ0133 ತೋರಿಸುತ್ತೆ, ಅಂದರೆ ಎಂಜಿನ್ ಕಡೆಯ ಮೊದಲ ಆಕ್ಸಿಜನ್ ಸೆನ್ಸರ್ ನಿಧಾನ ಅಂತ. ಮೈಲೇಜೂ ಇಳಿದಿದೆ. ಹೊಸ ಸೆನ್ಸರ್ ತಂದು ನಾನೇ ಹಾಕಬಹುದಾ? ಮಾಡಿದವರು ದಯವಿಟ್ಟು ಹೇಳಿ.

ಹಳೇ ಟರ್ಬೊ:
ಸ್ವಾಮಿ, ಸೆನ್ಸರ್ ತರೋ ಮುಂಚೆ ನನ್ನ ಕಥೆ ಕೇಳಿ. ನನಗೂ ಇದೇ ಕೋಡ್ ಬಂತು. ಜೊತೆಗೆ ಪಿ0171, ಪೆಟ್ರೋಲ್ ಕಮ್ಮಿ ಗಾಳಿ ಜಾಸ್ತಿ ಅಂತ. ಸೆನ್ಸರ್ ಹಾಕಿದೆ. ಒಂಬತ್ತು ದಿನ ಲೈಟ್ ಬರಲಿಲ್ಲ. ಹತ್ತನೇ ದಿನ ಮತ್ತೆ ಬಂತು. ಡೂಪ್ಲಿಕೇಟ್ ಕೊಟ್ಟಿರಬೇಕು ಅಂದುಕೊಂಡು ಎರಡನೇದು ತಂದೆ. ಅದೂ ಅಷ್ಟೇ. ಎರಡು ಸೆನ್ಸರ್, ಮೂರು ಭಾನುವಾರ, ಬೆನ್ನುನೋವು ಬೇರೆ. ಕೊನೆಗೆ ಟಾರ್ಚ್ ಹಿಡಿದು ನೋಡಿದರೆ ಟರ್ಬೊಗೂ ಅದರಿಂದ ಹೊಗೆ ಒಯ್ಯೋ ಡೌನ್‌ಪೈಪ್‌ಗೂ ನಡುವಿನ ಗ್ಯಾಸ್ಕೆಟ್ ಹತ್ತಿರ ಕಾಡಿಗೆ ತೀಡಿದ ಹಾಗೆ ಬೆರಳುದ್ದ ಮಸಿ. ಸೆನ್ಸರ್ ಇರೋದು ಅದರ ಕೆಳಗೇ. ಹೊಗೆ ಒಂದೇ ಸಮ ಹೋಗಲ್ಲ, ಅಲೆ ಅಲೆಯಾಗಿ ಹೋಗುತ್ತೆ. ಎರಡು ಅಲೆಗಳ ನಡುವೆ ಆ ಸಂದಿಯಿಂದ ಹೊರಗಿನ ಗಾಳಿ ಒಳಗೆ ಬರುತ್ತೆ. ಸೆನ್ಸರ್ ಆ ಆಕ್ಸಿಜನ್ ನೋಡಿ ಪೆಟ್ರೋಲ್ ಸಾಲದು ಅನ್ನುತ್ತೆ, ಎಂಜಿನ್ ಕಂಪ್ಯೂಟರ್ ಇಸಿಯು ಸುಮ್ನೆ ಪೆಟ್ರೋಲ್ ಸುರಿಯುತ್ತೆ. ನನ್ನ ಲಾಂಗ್ ಟರ್ಮ್ ಫ್ಯೂಯೆಲ್ ಟ್ರಿಮ್, ಅಂದರೆ ಇಸಿಯು ಎಷ್ಟು ಶೇಕಡಾ ಪೆಟ್ರೋಲ್ ಹೆಚ್ಚು ಕಮ್ಮಿ ಮಾಡ್ತಿದೆ ಅನ್ನೋ ಲೆಕ್ಕ, +18ಕ್ಕೆ ಹೋಗಿತ್ತು. ಗ್ಯಾಸ್ಕೆಟ್ ಹಾಕಿದ ಮೇಲೆ +3. ಕಿತ್ತ ಹಳೇ ಸೆನ್ಸರ್ ಚೆನ್ನಾಗೇ ಇತ್ತು ಅಂತ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತೆ.

ಮಲ್ಟಿಮೀಟರ್ ಅಕ್ಕ:
ಲೀಕ್ ಲೀಕ್ ಅಂತ ಎಲ್ಲರನ್ನೂ ಹೆದರಿಸಬೇಡಿ ಸರ್. ನನ್ನ ಕಾರಲ್ಲಿ ಹೋಗಿದ್ದು ಸೆನ್ಸರೇ. ಕೋಡ್ ಪಿ0135, ಸೆನ್ಸರನ್ನು ಬೇಗ ಕಾಯಿಸೋಕೆ ಅದರೊಳಗೇ ಇರೋ ಹೀಟರ್ ಸರ್ಕ್ಯೂಟ್. ಮೊದಲು ಫ್ಯೂಸ್ ನೋಡಿದೆ, ಸರಿ ಇತ್ತು. ಪ್ಲಗ್ ಬಿಚ್ಚಿ, ಒಂದೇ ಬಣ್ಣದ ಎರಡು ವೈರ್ ಇತ್ತಲ್ಲ, ಅದೇ ಹೀಟರ್, ಅಲ್ಲಿ ಮೀಟರ್ ಇಟ್ಟೆ. ತಣ್ಣಗಿದ್ದಾಗ ಕೆಲವು ಓಮ್ ಬರಬೇಕು. ನನಗೆ ಬಂದಿದ್ದು ಓಪನ್, ಅಂದರೆ ಒಳಗೆ ತುಂಡಾಗಿದೆ. ಇಗ್ನಿಷನ್ ಆನ್ ಮಾಡಿ ಕಾರಿನ ಕಡೆಯ ಪ್ಲಗ್ ನೋಡಿದರೆ 12 ವೋಲ್ಟ್ ಸರಿಯಾಗಿ ಬರ್ತಿತ್ತು. ಅಲ್ಲಿಗೆ ತೀರ್ಮಾನ. ಒಂದೇ ಸೆನ್ಸರ್, ಒಂದೇ ಸಲ, ನಲವತ್ತು ನಿಮಿಷ. ನಾಲ್ಕು ವರ್ಷ ಆಯ್ತು, ಲೈಟ್ ಮತ್ತೆ ಬಂದಿಲ್ಲ. ಅಳತೆ ಮಾಡದೆ ಎರಡೆರಡು ಸೆನ್ಸರ್ ಯಾಕೆ ತಂದಿರಿ?

ಹಳೇ ಟರ್ಬೊ:
ಮೇಡಂ, ನಿಮ್ಮದು ಹೀಟರ್ ಕೋಡ್. ಇವರದು ನಿಧಾನ ಅನ್ನೋ ಕೋಡ್. ಎರಡೂ ಒಂದೇನಾ? ನಾನೂ ಅಳತೆ ಮಾಡಿದ್ದೆ. ಹೀಟರ್ ಸರಿ ಇತ್ತು. ಲೀಕ್ ಇದೆಯೋ ಇಲ್ವೋ ಅಂತ ಮೀಟರ್ ಹೇಳಲ್ಲ.

ಪಾನಾ ಹಿಡಿದವನು:
ಗ್ಯಾರೇಜಲ್ಲಿ ಹನ್ನೊಂದು ವರ್ಷ ಆಯ್ತು. ಕೋಡ್ ವಿಷಯ ನೀವು ಮಾತಾಡ್ಕೊಳ್ಳಿ, ಬಿಚ್ಚೋ ಕಷ್ಟ ನಾನು ಹೇಳ್ತೀನಿ. ಟರ್ಬೊ ಪಕ್ಕದ ಕಾವಿಗೆ ಥ್ರೆಡ್ ಕಚ್ಚಿಕೊಂಡಿರುತ್ತೆ. ನನ್ನ ಸ್ವಂತ ಕಾರಲ್ಲೇ ಆಯ್ತು. 22ರ ಮಾಮೂಲಿ ಪಾನಾ ಹಾಕಿದೆ, ಜಾರಿ ಮೂಲೆ ಸವೆಯಿತು. ವೈರ್ ತೂರೋಕೆ ಸೀಳಿರೋ ಸಾಕೆಟ್ ತಂದು ಉದ್ದ ಪೈಪ್ ಹಾಕಿ ಎಳೆದೆ. ಸೆನ್ಸರ್ ಬಂತು, ಜೊತೆಗೆ ಬಂಗ್‌ನ, ಅಂದರೆ ಪೈಪಲ್ಲಿ ಸೆನ್ಸರ್ ಕೂರೋ ಬಳೆಯ, ಥ್ರೆಡ್ಡೂ ಸ್ಪ್ರಿಂಗ್ ಹಾಗೆ ಸುರುಳಿ ಸುತ್ತಿಕೊಂಡು ಬಂತು. ಆ ಹೊಳೆಯೋ ಸುರುಳಿ ಕೈಯಲ್ಲಿ ಹಿಡಿದುಕೊಂಡು ಎಷ್ಟು ಹೊತ್ತು ಕೂತಿದ್ದೆನೋ. ಡೌನ್‌ಪೈಪ್ ಇಳಿಸಬೇಕಾಯ್ತು. ಅದನ್ನು ಇಳಿಸುವಾಗ ಎರಡು ಸ್ಟಡ್ ಮುರಿದವು. ಹೊಸ ಬಂಗ್ ವೆಲ್ಡ್ ಮಾಡಿಸಿದೆ. ಅರ್ಧ ಗಂಟೆ ಕೆಲಸ ಆರು ದಿನ ಹಿಡಿಯಿತು. ಹಿಂದಿನ ರಾತ್ರಿ ತುಕ್ಕು ಬಿಡಿಸೋ ಎಣ್ಣೆ ಬಿಡಿ. ಬೆಳಗ್ಗೆ ಎಂಜಿನ್ ಸ್ವಲ್ಪ ಬೆಚ್ಚಗೆ ಮಾಡಿ ಬಿಚ್ಚಿ. ಥ್ರೆಡ್ ಎಂ18, 1.5 ಪಿಚ್. ಅದರ ಥ್ರೆಡ್ ತೆಗೆಯೋ ಟ್ಯಾಪ್ ಇದ್ದರೆ ಹೊಸದು ಹಾಕೋ ಮುಂಚೆ ಒಂದು ಸಲ ಓಡಿಸಿ.

ಐದು ವೈರ್:
ಯಾರೂ ವೈರ್ ಎಣಿಸಿ ಅಂತ ಹೇಳ್ತಿಲ್ವಲ್ಲ! ನಾನು ಕಳೆದುಕೊಂಡಿದ್ದು ಅಲ್ಲೇ. ಕಮ್ಮಿಗೆ ಸಿಗುತ್ತೆ ಅಂತ ಪ್ಲಗ್ ಇಲ್ಲದ ಸೆನ್ಸರ್ ತಂದು, ಹಳೇ ಪ್ಲಗ್ ಕತ್ತರಿಸಿ ಜೋಡಿಸಿದೆ. ನನ್ನದು ವೈಡ್‌ಬ್ಯಾಂಡ್, ಗಾಳಿ ಪೆಟ್ರೋಲ್ ಪ್ರಮಾಣ ಎಷ್ಟು ಅಂತಲೇ ಅಳೆಯೋ ಐದು ವೈರಿನದು. ಆ ಪ್ಲಗ್ ಒಳಗೆ ಪುಟ್ಟ ರೆಸಿಸ್ಟರ್ ಇರುತ್ತೆ. ಒಂದೊಂದು ಸೆನ್ಸರ್‌ಗೂ ಫ್ಯಾಕ್ಟರಿಯಲ್ಲೇ ಹೊಂದಿಸಿದ್ದು. ಹೊಸ ಸೆನ್ಸರ್‌ಗೆ ಹಳೇ ರೆಸಿಸ್ಟರ್ ಸೇರಿತು, ರೀಡಿಂಗ್ ತಪ್ಪಾಯ್ತು. ಎರಡು ತಿಂಗಳು ಬೂಸ್ಟ್ ಬಂದಾಗೆಲ್ಲ ಎಳೆತ ಇಲ್ಲ, ಹಿಂದೆ ಕಪ್ಪು ಹೊಗೆ. ಆಮೇಲೆ ಪ್ಲಗ್ ಸಮೇತ ಅದೇ ಪಾರ್ಟ್ ನಂಬರಿನದು ತರಲೇಬೇಕಾಯ್ತು.

ಮಲ್ಟಿಮೀಟರ್ ಅಕ್ಕ:
ವೈರ್ ಕತ್ತರಿಸಿದ್ದೇ ತಪ್ಪು. ಸೆನ್ಸರ್ ಹೊಗೆಯ ಆಕ್ಸಿಜನ್ನನ್ನು ಹೊರಗಾಳಿ ಜೊತೆ ಹೋಲಿಸುತ್ತೆ. ಎಷ್ಟೋ ಸೆನ್ಸರ್‌ಗಳಿಗೆ ಆ ಹೊರಗಾಳಿ ವೈರಿನ ಎಳೆಗಳ ಸಂದಿಯಿಂದಲೇ ಹೋಗುತ್ತೆ. ಬೆಸುಗೆ ಹಾಕಿದರೆ ಅದು ಮುಚ್ಚುತ್ತೆ. ಕೇಳಿದವರೇ, ಎಂಜಿನ್ ಕಾದ ಮೇಲೆ ಲೈವ್ ಡೇಟಾ ನೋಡಿ. 0.1ರಿಂದ 0.9 ವೋಲ್ಟ್ ನಡುವೆ ಚಕಚಕ ಕುಣಿಯಬೇಕು. ಕುಣಿಯದಿದ್ದರೆ ಸತ್ತಿರಬಹುದು.

ಐದು ವೈರ್:
ಅದು ಪೆಟ್ರೋಲ್ ಜಾಸ್ತಿಯೋ ಕಮ್ಮಿಯೋ ಅಂತ ಮಾತ್ರ ಹೇಳೋ ನಾಲ್ಕು ವೈರಿನ ನ್ಯಾರೋಬ್ಯಾಂಡ್‌ಗೆ! ವೈಡ್‌ಬ್ಯಾಂಡ್ ಹಾಗೆ ಕುಣಿಯಲ್ಲ. ಲ್ಯಾಂಬ್ಡಾ 1ರ, ಅಂದರೆ ಗಾಳಿ ಪೆಟ್ರೋಲ್ ಸರಿಯಾದ ಅಳತೆಯ, ಹತ್ತಿರ ನಿಂತಿರುತ್ತೆ. ನಿಮ್ಮ ಮಾತು ನಂಬಿದರೆ ಇವರು ಚೆನ್ನಾಗಿರೋ ಸೆನ್ಸರ್ ಬಿಸಾಕ್ತಾರೆ.

ಮಲ್ಟಿಮೀಟರ್ ಅಕ್ಕ:
ನನ್ನದು ನಾಲ್ಕು ವೈರ್, ಅದನ್ನೇ ಹೇಳಿದೆ. ಎರಡು ತಿಂಗಳು ತಪ್ಪು ಸೆನ್ಸರ್ ಇಟ್ಟುಕೊಂಡು ಓಡಿಸಿದವರು ನನಗೆ ಕಲಿಸೋದು ಬೇಡ.

ಎಣ್ಣೆ ಕುಡಿಯೋ ಕಾರು:
ನನ್ನ ಹೊಸ ಸೆನ್ಸರ್ ನಾಲ್ಕೇ ತಿಂಗಳಿಗೆ ಹೋಯ್ತು. ಟರ್ಬೊ ಸೀಲ್ ಸೋರಿ ಆಯಿಲ್ ಹೊಗೆಪೈಪಿಗೆ ಇಳಿಯುತ್ತಿತ್ತು. ಸೆನ್ಸರ್ ತುದಿಯ ತೂತುಗಳ ಮೇಲೆ ಸುಣ್ಣ ಬಳಿದ ಹಾಗೆ ಬೂದಿ. ಕೂಲೆಂಟ್ ಸೋರಿದರೂ, ಸಿಲಿಕೋನ್ ಸೀಲಂಟ್ ಜಾಸ್ತಿ ಬಳಿದರೂ ಸೆನ್ಸರ್ ಕೆಡುತ್ತೆ. ಬಿಚ್ಚಿದಾಗ ಬಿಸಾಕಬೇಡಿ, ತುದಿ ನೋಡಿ. ಮುಂದಿನ ಖರ್ಚು ಅಲ್ಲೇ ಗೊತ್ತಾಗುತ್ತೆ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ವೈರ್ ಎಣಿಸಿದೆ, ನಾಲ್ಕು. ಹೀಟರ್ 6 ಓಮ್. ಟಾರ್ಚ್ ಹಾಕಿ ನೋಡಿದೆ, ಮಸಿ ಎಲ್ಲೂ ಇಲ್ಲ. ಟ್ರಿಮ್ +4. ಆದರೆ ರೇಸ್ ಕೊಟ್ಟು ಬಿಟ್ಟರೂ ವೋಲ್ಟೇಜ್ ಸೋಮಾರಿ ಥರ ಏರಿಳಿಯುತ್ತೆ. ಇವತ್ತು ರಾತ್ರಿ ಎಣ್ಣೆ ಬಿಡ್ತೀನಿ. ಹೊಸದಕ್ಕೆ ಥ್ರೆಡ್ ಕಚ್ಚದ ಹಾಗೆ ಹಚ್ಚೋ ಆಂಟಿಸೀಝ್ ಪೇಸ್ಟ್ ಹಚ್ಚಬೇಕಾ?

ಹಳೇ ಟರ್ಬೊ:
ಧಾರಾಳವಾಗಿ ಹಚ್ಚಿ.

ಪಾನಾ ಹಿಡಿದವನು:
ಧಾರಾಳವಾಗಿ ಬೇಡ! ಥ್ರೆಡ್ ನೋಡಿ, ಬೂದು ಪೇಸ್ಟ್ ಕಂಡರೆ ಫ್ಯಾಕ್ಟರಿಯಲ್ಲೇ ಹಚ್ಚಿರ್ತಾರೆ. ಹಾಗೇ ಹಾಕಿ. ಇಲ್ಲದಿದ್ದರೆ ಥ್ರೆಡ್‌ಗೆ ಮಾತ್ರ ತೆಳ್ಳಗೆ ಹಚ್ಚಿ, ತುದಿಗೆ ತಾಗಬಾರದು. ಟಾರ್ಕ್ ನಿಮ್ಮ ಕಾರಿನ ಮ್ಯಾನ್ಯುಯಲ್ ನೋಡಿ, ಸಾಮಾನ್ಯವಾಗಿ 40ರಿಂದ 50 ನ್ಯೂಟನ್ ಮೀಟರ್. ಪೈಪ್ ಹಾಕಿ ಬಿಗಿಯೋದು ಬೇಡ. ಆ ಸುರುಳಿ ಇನ್ನೂ ನನ್ನ ಟೂಲ್ ಡಬ್ಬದಲ್ಲಿದೆ.