ಜಂಪ್ ಕೇಬಲ್ ಉಲ್ಟಾ ಹಾಕಿದ ಮೇಲೆ ಕಾರು ಸತ್ತಂತೆ ನಿಂತಿದೆ, ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಹೋಗಿದೆಯಾ?

ಪ್ರಶ್ನೆ: ಸರ್, ಬ್ಯಾಟರಿ ಡೌನ್ ಆಗಿ ಕಾರು ಸ್ಟಾರ್ಟ್ ಆಗುತ್ತಿರಲಿಲ್ಲ. ಪಕ್ಕದಲ್ಲಿ ಕಾರು ನಿಲ್ಲಿಸಿದ್ದ ಒಬ್ಬರು ಪಾಪ ತಾವಾಗಿಯೇ ಸಹಾಯಕ್ಕೆ ಬಂದರು, ತಮ್ಮ ಬ್ಯಾಟರಿಯಿಂದ ಕೇಬಲ್ ಹಾಕಿ ನಮ್ಮ ಕಾರು ಸ್ಟಾರ್ಟ್ ಮಾಡಿಸಲು (ಜಂಪ್ ಕೊಡಲು). ಕತ್ತಲಲ್ಲಿ ಗೊತ್ತಾಗದೆ ಕೆಂಪು ಕೇಬಲನ್ನು ನಮ್ಮ ಬ್ಯಾಟರಿಯ ಮೈನಸ್‌ಗೆ, ಕಪ್ಪನ್ನು ಪ್ಲಸ್‌ಗೆ ಹಾಕಿಬಿಟ್ಟರು. ದೊಡ್ಡ ಕಿಡಿ ಹಾರಿ ಟಪ್ ಅಂತ ಸದ್ದು ಬಂತು, ತಕ್ಷಣ ಕಿತ್ತರು. ಆಮೇಲೆ ಸರಿಯಾಗಿ ಹಾಕಿದರೂ ಪ್ರಯೋಜನವಾಗಲಿಲ್ಲ. ಈಗ ಹಾರ್ನ್ ಮತ್ತು ಒಳಗಿನ ಲೈಟ್ ಮಾತ್ರ ಕೆಲಸ ಮಾಡುತ್ತಿವೆ. ಕೀ ಆನ್ ಮಾಡಿದರೆ ಡ್ಯಾಶ್‌ಬೋರ್ಡ್ ಪೂರ್ತಿ ಕತ್ತಲು, ಸೆಲ್ಫ್ ತಿರುಗಲ್ಲ, ಪವರ್ ವಿಂಡೋ ಇಲ್ಲ. ಒಬ್ಬ ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡಿ "ಇಸಿಯು ಸುಟ್ಟಿದೆ, ಹೊಸದು ಹಾಕಬೇಕು" ಅಂದರು. ಮೀಟರ್ ಇಟ್ಟು ಏನೂ ನೋಡಲಿಲ್ಲ. ಪೆಟ್ರೋಲ್ ಕಾರು, ಮ್ಯಾನ್ಯುಯಲ್ ಗೇರ್. ನನ್ನ ಹತ್ತಿರ ಮಲ್ಟಿಮೀಟರ್ ಇದೆ. ಎಲ್ಲಿಂದ ಶುರು ಮಾಡಲಿ?

ಉತ್ತರ (ಆಟೋ ಎಲೆಕ್ಟ್ರಿಷಿಯನ್): ಮೊದಲು ಇಸಿಯು ಮಾತು ಬದಿಗಿಡಿ. ಅದು ಸುಡುವುದೇ ಇಲ್ಲ ಅಂತಲ್ಲ, ಆದರೆ ಮೀಟರ್ ಹಚ್ಚದೆ ಯಾರೂ ಹಾಗೆ ಹೇಳಬಾರದು. ಕೇಬಲ್ ಉಲ್ಟಾ ಆದಾಗ ಏನಾಗುತ್ತದೆ ಗೊತ್ತಾ? ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಒಳಗೆ ಡಯೋಡ್‌ಗಳಿವೆ, ಅವು ಒಂದೇ ಕಡೆಗೆ ತೆರೆಯುವ ಬಾಗಿಲು ಇದ್ದ ಹಾಗೆ. ಪ್ಲಸ್ ಮೈನಸ್ ಅದಲುಬದಲಾದ ಕೂಡಲೇ ಅವೆಲ್ಲ ಒಟ್ಟಿಗೆ ತೆರೆದುಕೊಂಡು ಕರೆಂಟು ನೇರವಾಗಿ ಶಾರ್ಟ್ ಆಗಿ ಹರಿಯುತ್ತದೆ. ನೂರಾರು ಆಂಪಿಯರ್. ಅಷ್ಟು ಹರಿದಾಗ ದೊಡ್ಡ ಫ್ಯೂಸ್ ಕರಗುತ್ತದೆ, ಅದು ಇರುವುದೇ ಅದಕ್ಕೆ. ನೀವು ಕೇಳಿದ ಟಪ್ ಶಬ್ದ ಅದರದ್ದೇ ಇರಬಹುದು.

ಬ್ಯಾಟರಿಯಿಂದ ಶುರು ಮಾಡಿ. ಕನ್ನಡಕ ಹಾಕಿಕೊಂಡು ನೋಡಿ, ಒಳಗೆ ಇರುವುದು ಗಂಧಕಾಮ್ಲ. ಉಬ್ಬಿದ್ದರೆ, ಸೋರುತ್ತಿದ್ದರೆ, ಕೊಳೆತ ಮೊಟ್ಟೆ ವಾಸನೆ ಬಂದರೆ ಚಾರ್ಜ್ ಮಾಡುವ ಪ್ರಯತ್ನವೇ ಬೇಡ, ಬದಲಿಸಿ. ಚೆನ್ನಾಗಿದ್ದರೆ ಬ್ಯಾಟರಿಯನ್ನು ಹೊರಗಿನ ಚಾರ್ಜರ್‌ನಲ್ಲಿ ಪೂರ್ತಿ ಚಾರ್ಜ್ ಮಾಡಿ, ಕೆಲವು ಗಂಟೆ ಸುಮ್ನೆ ಬಿಟ್ಟು ಅಳೆಯಿರಿ. 12.6 ವೋಲ್ಟ್ ಹತ್ತಿರ ಇರಬೇಕು. 12ಕ್ಕಿಂತ ಕೆಳಗಿದ್ದರೆ ಅದೇ ಖಾಲಿ, ಅದನ್ನು ಇಟ್ಟುಕೊಂಡು ಬೇರೆ ಯಾವ ಟೆಸ್ಟ್ ಮಾಡಿದರೂ ದಾರಿ ತಪ್ಪುತ್ತೀರಿ. ಮೀಟರಿನ ಕೆಂಪು ಕಡ್ಡಿ ಪ್ಲಸ್‌ಗೆ ಇಟ್ಟಾಗ ಓದು ಮೈನಸ್‌ನಲ್ಲಿ ಬಂದರೆ ಬ್ಯಾಟರಿಯೇ ಉಲ್ಟಾ ಚಾರ್ಜ್ ಆಗಿದೆ, ಅದನ್ನು ಬಳಸಬೇಡಿ.

ಆಮೇಲೆ ಬ್ಯಾಟರಿ ಪ್ಲಸ್ ಕ್ಲಾಂಪ್ ಮೇಲೆ ಅಥವಾ ಬಾನೆಟ್ ಒಳಗಿನ ಫ್ಯೂಸ್ ಬಾಕ್ಸ್‌ನಲ್ಲಿ ಬೋಲ್ಟ್ ಹಾಕಿ ಕೂರಿಸಿದ ದಪ್ಪ ಫ್ಯೂಸ್‌ಗಳನ್ನು ಹುಡುಕಿ. 60, 80, 100, 120 ಹೀಗೆ ಬರೆದಿರುತ್ತದೆ. ಮೀಟರಿನ ಕಪ್ಪು ಕಡ್ಡಿ ಬ್ಯಾಟರಿ ಮೈನಸ್ ಮೇಲೆ, ಕೆಂಪು ಕಡ್ಡಿಯನ್ನು ಫ್ಯೂಸಿನ ಈ ತುದಿಗೊಮ್ಮೆ ಆ ತುದಿಗೊಮ್ಮೆ. ಎರಡೂ ಕಡೆ ಒಂದೇ ವೋಲ್ಟ್ ಬರಬೇಕು. ಒಂದು ಕಡೆ 12, ಇನ್ನೊಂದು ಕಡೆ ಸೊನ್ನೆ ಅಂದರೆ ಕಳ್ಳ ಸಿಕ್ಕ. ಬರೀ ಕಣ್ಣಲ್ಲಿ ನೋಡಿ ಚೆನ್ನಾಗಿದೆ ಅನ್ನಬೇಡಿ, ಕೂದಲೆಳೆ ಬಿರುಕು ಕಾಣಲ್ಲ. ಬಿಚ್ಚುವ ಮೊದಲು ಬ್ಯಾಟರಿಯ ಮೈನಸ್ ತೆಗೆಯಿರಿ. ಅದೇ ಆಂಪಿಯರ್‌ನ ಹೊಸ ಫ್ಯೂಸೇ ಹಾಕಬೇಕು. ತಂತಿ ಸುತ್ತುವವರನ್ನು, ಜಾಸ್ತಿ ಆಂಪಿಯರ್ ಹಾಕುವವರನ್ನು ಕಾರಿನ ಹತ್ತಿರ ಬಿಡಬೇಡಿ, ಮುಂದಿನ ಸಲ ಫ್ಯೂಸ್ ಬದಲು ವೈರಿಂಗೇ ಉರಿಯುತ್ತದೆ.

ಹಾರ್ನ್, ಒಳಗಿನ ಲೈಟ್ ಇದೆ ಅಂದಿರಲ್ಲ, ಅದೂ ಒಂದು ಸುಳಿವು. ಆ ಸಾಲಿಗೆ ಕರೆಂಟು ಹೋಗುತ್ತಿದೆ, ಕೀ ಆನ್ ಆದಾಗ ಬರಬೇಕಾದ ಸಾಲಿಗೆ ಹೋಗುತ್ತಿಲ್ಲ.

ಪ್ರಶ್ನೆ (ಅದೇ ಸದಸ್ಯರು): ಸರ್, ನೀವು ಹೇಳಿದ್ದು ಸರಿ ಇತ್ತು. ಬ್ಯಾಟರಿ ಚಾರ್ಜ್ ಆದ ಮೇಲೆ 12.5. ಬೋಲ್ಟ್ ಫ್ಯೂಸ್‌ಗಳಲ್ಲಿ ಒಂದು ಹೋಗಿತ್ತು, ಜೊತೆಗೆ ನೀಲಿ ಬಣ್ಣದ 15ರ ಚಿಕ್ಕ ಫ್ಯೂಸ್ ಒಂದು. ಎರಡನ್ನೂ ಬದಲಿಸಿದೆ. ಡ್ಯಾಶ್‌ಬೋರ್ಡ್ ಬಂತು, ಕಾರು ಸ್ಟಾರ್ಟ್ ಕೂಡ ಆಯಿತು! ಆದರೆ ಬ್ಯಾಟರಿ ಚಿಹ್ನೆಯ ಕೆಂಪು ದೀಪ ಆರುತ್ತಿಲ್ಲ. ಇಂಜಿನ್ ಓಡುವಾಗ ಬ್ಯಾಟರಿಯಲ್ಲಿ 12.2 ತೋರಿಸುತ್ತಿದೆ, ನಿಧಾನವಾಗಿ ಇಳಿಯುತ್ತಿದೆ. ಇಂಜಿನ್ ಓಡುವಾಗಲೇ ಬ್ಯಾಟರಿ ವೈರ್ ತೆಗೆದು ನೋಡು, ಆಫ್ ಆದರೆ ಡೈನಮೋ (ಆಲ್ಟರ್ನೇಟರ್) ಹೋಗಿದೆ ಅಂತ ಸ್ನೇಹಿತರೊಬ್ಬರು ಹೇಳುತ್ತಿದ್ದಾರೆ. ಮಾಡಬಹುದಾ?

ಉತ್ತರ: ಖಂಡಿತ ಬೇಡ! ದಯವಿಟ್ಟು ಮಾಡಬೇಡಿ. ಹಳೇ ಕಾಲದ ಗಾಡಿಗಳಲ್ಲಿ ಹಾಗೆ ಮಾಡುತ್ತಿದ್ದರು, ಅವುಗಳಲ್ಲಿ ಹಾಳಾಗುವ ಎಲೆಕ್ಟ್ರಾನಿಕ್ಸ್ ಅಷ್ಟಾಗಿ ಇರಲಿಲ್ಲ. ಆಲ್ಟರ್ನೇಟರ್ ಕರೆಂಟು ಕೊಡುತ್ತಿರುವಾಗ ಬ್ಯಾಟರಿ ಕಿತ್ತರೆ ವೋಲ್ಟೇಜ್ ಒಮ್ಮೆಲೇ ಹಲವು ಪಟ್ಟು ಜಿಗಿಯುತ್ತದೆ. ಕೇಬಲ್ ಉಲ್ಟಾ ಆದಾಗ ಉಳಿದುಕೊಂಡ ಇಸಿಯು ಈ ಟೆಸ್ಟ್‌ನಲ್ಲಿ ಹೋಗಬಹುದು.

ಕಾರು ಸ್ಟಾರ್ಟ್ ಆಯಿತು ಅಂದರೆ ಇಸಿಯು ಬದುಕಿದೆ, ಅದು ತುಂಬಾ ದೊಡ್ಡ ಸಮಾಧಾನ. ಇನ್ನು ಚಾರ್ಜಿಂಗ್ ನೋಡೋಣ. ಸಾಮಾನ್ಯವಾಗಿ ಇಂಜಿನ್ ಓಡುವಾಗ 13.8ರಿಂದ 14.5 ಇರಬೇಕು. ನಿಮ್ಮದು 12.2, ಚಾರ್ಜ್ ಆಗುತ್ತಿಲ್ಲ. ಆದರೆ ಆಲ್ಟರ್ನೇಟರ್ ಬಿಚ್ಚಿಸುವ ಮೊದಲು ಒಂದು ಕೆಲಸ. ಇಂಜಿನ್ ಆಫ್ ಮಾಡಿ, ಆಲ್ಟರ್ನೇಟರ್ ಹಿಂದೆ ದಪ್ಪ ವೈರ್ ಕೂತಿರುವ ಬೋಲ್ಟ್ ಮೇಲೆ ವೋಲ್ಟ್ ಅಳೆಯಿರಿ. ಆಫ್ ಇದ್ದರೂ ಅಲ್ಲಿ ಬ್ಯಾಟರಿಯಷ್ಟೇ ವೋಲ್ಟ್ ಇರಬೇಕು, ಹಾಗಾಗಿ ಸ್ಪ್ಯಾನರ್ ತಾಗಿಸಬೇಡಿ. ಸೊನ್ನೆ ಬಂದರೆ ಮಧ್ಯದ ಇನ್ನೊಂದು ದೊಡ್ಡ ಫ್ಯೂಸ್ ಹೋಗಿದೆ, ಆಲ್ಟರ್ನೇಟರ್ ಚೆನ್ನಾಗಿಯೇ ಇರಬಹುದು. ಬ್ಯಾಟರಿಯಷ್ಟೇ ಬಂದರೆ ಅನುಮಾನ ಆಲ್ಟರ್ನೇಟರ್ ಒಳಗಿನ ಡಯೋಡ್ ಮೇಲೆ.

ಅದಕ್ಕೂ ಟೆಸ್ಟ್ ಇದೆ. ಮೀಟರನ್ನು ಎಸಿ (ದಿಕ್ಕು ಬದಲಿಸುವ ಕರೆಂಟು) ವೋಲ್ಟ್‌ಗೆ ತಿರುಗಿಸಿ, ಇಂಜಿನ್ ಓಡುವಾಗ ಹೆಡ್‌ಲೈಟ್ ಹಾಕಿ ಬ್ಯಾಟರಿ ಮೇಲೆ ಇಡಿ. ಆರೋಗ್ಯವಾಗಿದ್ದರೆ 0.1ರ ಆಸುಪಾಸು ಅಥವಾ ಅದಕ್ಕೂ ಕಡಿಮೆ. 0.5 ದಾಟಿದರೆ ಡಯೋಡ್ ಹೋಗಿದೆ ಅಂತಲೇ ಲೆಕ್ಕ. ಎಲ್ಲಾ ಡಯೋಡ್ ಹೋಗಿದ್ದರೆ ಎಸಿಯೂ ಬರಲ್ಲ, ಡಿಸಿಯೂ (ಒಂದೇ ದಿಕ್ಕಿನ ಕರೆಂಟು) ಬರಲ್ಲ. ಹಾಗಾಗಿ ಕಡಿಮೆ ಬಂತು ಅಂತ ಆಲ್ಟರ್ನೇಟರ್ ಚೆನ್ನಾಗಿದೆ ಅಂದುಕೊಳ್ಳಬೇಡಿ.

ಅಲ್ಲಿಯವರೆಗೆ ದೂರ ಓಡಿಸಬೇಡಿ. ಬರೀ ಬ್ಯಾಟರಿ ಮೇಲೆ ಓಡುವ ಕಾರು ಎಲ್ಲಿ ನಿಲ್ಲುತ್ತದೋ ಹೇಳಲಾಗಲ್ಲ.

ಇನ್ನೊಬ್ಬರು: ಮಧ್ಯೆ ಬಂದೆ, ಕ್ಷಮಿಸಿ. ಜಂಪ್ ಕೊಟ್ಟ ಕಾರಿಗೂ ತೊಂದರೆ ಆಗುತ್ತದಾ? ಮತ್ತೆ 24 ವೋಲ್ಟ್ ಲಾರಿಯಿಂದ ಜಂಪ್ ಕೊಡಬಹುದಾ?

ಉತ್ತರ: ಆಗಬಹುದು. ಅದೇ ಕರೆಂಟು ಅವರ ಬ್ಯಾಟರಿಯಿಂದಲೇ ಹರಿದಿದ್ದು. ಅವರ ಚಾರ್ಜಿಂಗ್ ವೋಲ್ಟ್, ಬ್ಯಾಟರಿ, ದೊಡ್ಡ ಫ್ಯೂಸ್ ಒಮ್ಮೆ ನೋಡಿಸಿ, ಫೋನ್ ಮಾಡಿ ಹೇಳಿಬಿಡಿ. ಸಹಾಯಕ್ಕೆ ಬಂದವರು ಅಲ್ವಾ. 24 ವೋಲ್ಟ್‌ನಿಂದ 12 ವೋಲ್ಟ್ ಕಾರಿಗೆ ಬೇಡವೇ ಬೇಡ.

ಸರಿಯಾದ ಕ್ರಮ ಹೀಗೆ. ಎರಡೂ ಕಾರು ಆಫ್. ಕೆಂಪು ಸತ್ತ ಬ್ಯಾಟರಿ ಪ್ಲಸ್‌ಗೆ, ಅದರ ಇನ್ನೊಂದು ತುದಿ ಒಳ್ಳೆ ಬ್ಯಾಟರಿ ಪ್ಲಸ್‌ಗೆ. ಕಪ್ಪು ಒಳ್ಳೆ ಬ್ಯಾಟರಿ ಮೈನಸ್‌ಗೆ, ಕೊನೆಯ ತುದಿ ಸತ್ತ ಕಾರಿನ ಇಂಜಿನ್ ಮೇಲೆ ಬಣ್ಣ ಇಲ್ಲದ ಲೋಹಕ್ಕೆ, ಬ್ಯಾಟರಿಯಿಂದ ದೂರ. ಕೊನೆಯ ಜೋಡಣೆಯಲ್ಲಿ ಕಿಡಿ ಬರುತ್ತದೆ, ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತಿರುತ್ತದೆ, ಎರಡನ್ನೂ ಹತ್ತಿರ ಬಿಡಬಾರದು. ಕೇಬಲಿನ ಬಣ್ಣ ನಂಬಬೇಡಿ, ಬ್ಯಾಟರಿ ಮೇಲೆ ಕೆತ್ತಿರುವ ಚಿಹ್ನೆಯನ್ನು ಟಾರ್ಚ್ ಹಾಕಿ ಓದಿ. ತೆಗೆಯುವಾಗ ಇದೇ ಕ್ರಮ ಹಿಂದುಮುಂದಾಗಿ.

ಪ್ರಶ್ನೆ (ಮೊದಲಿನವರು): ಬೋಲ್ಟ್ ಮೇಲೆ 12.4 ಬಂತು, ಎಸಿ 0.9. ಆಲ್ಟರ್ನೇಟರ್ ಬಿಚ್ಚಿಸಿದೆ, ಡಯೋಡ್ ಪ್ಲೇಟ್ ಸುಟ್ಟಿತ್ತು, ಬದಲಿಸಿದರು. ಈಗ 14.2 ಇದೆ! ಏರ್‌ಬ್ಯಾಗ್ ದೀಪ ಮಾತ್ರ ಉರಿಯುತ್ತಿದೆ, ಡ್ರೈವರ್ ಕಿಟಕಿ ಒಂದೇ ಒತ್ತಿಗೆ ಪೂರ್ತಿ ಮೇಲೆ ಹೋಗಲ್ಲ.

ಉತ್ತರ: ತುಂಬಾ ಖುಷಿಯಾಯಿತು. ಕಿಟಕಿಯದ್ದು ರಿಪೇರಿ ಅಲ್ಲ, ಬ್ಯಾಟರಿ ತೆಗೆದಾಗ ಕಿಟಕಿ ತನ್ನ ಸೆಟ್ಟಿಂಗ್ ಮರೆತಿರುತ್ತದೆ. ಪೂರ್ತಿ ಇಳಿಸಿ, ಪೂರ್ತಿ ಏರಿಸಿ ಗುಂಡಿಯನ್ನು ಕೆಲವು ಸೆಕೆಂಡ್ ಹಿಡಿದುಕೊಳ್ಳಿ, ಹೆಚ್ಚಿನ ಕಾರುಗಳಲ್ಲಿ ಸರಿಹೋಗುತ್ತದೆ. ಏರ್‌ಬ್ಯಾಗ್ ಸಾಲಿಗೆ ಮಾತ್ರ ನೀವು ಮೀಟರ್ ಹಚ್ಚಬೇಡಿ, ಹಳದಿ ಕನೆಕ್ಟರ್ ಕಂಡರೆ ಮುಟ್ಟಬೇಡಿ. ಅದರ ಫ್ಯೂಸ್ ನೋಡಿ, ಸರಿ ಇದ್ದರೆ ಏರ್‌ಬ್ಯಾಗ್ ಓದುವ ಸ್ಕ್ಯಾನರ್ ಇರುವವರ ಹತ್ತಿರ ಕೋಡ್ (ಕಾರಿನಲ್ಲಿ ದಾಖಲಾದ ದೋಷದ ನಂಬರ್) ತೆಗೆಸಿ. ವೋಲ್ಟೇಜ್ ಕಡಿಮೆ ಆಗಿದ್ದಾಗ ಕೂತ ಹಳೇ ಕೋಡ್ ಆಗಿದ್ದರೆ ಅಳಿಸಿದರೆ ಸಾಕು, ಅಳಿಸಿದ ಮೇಲೂ ಮತ್ತೆ ಬಂದರೆ ಆ ಕೋಡ್ ನಂಬರ್ ಇಲ್ಲಿ ಹಾಕಿ, ನೋಡೋಣ.