ಗಂಡಸ್ತನವೋ, ಸಂತಾನಶಕ್ತಿಯೋ? ಬೇರಿಯಾಟ್ರಿಕ್ ಸರ್ಜರಿ ಬಗ್ಗೆ ಬರೆಯುವಾಗ ಯಾವ ಪದ?

ಎಲ್ಲರಿಗೂ ನಮಸ್ಕಾರ.

ಬೊಜ್ಜಿನ ಜೊತೆಗೆ ಟೈಪ್ 2 ಸಕ್ಕರೆ ಕಾಯಿಲೆಯೂ ಇರುವ ಗಂಡಸರಿಗಾಗಿ ಬೇರಿಯಾಟ್ರಿಕ್ ಸರ್ಜರಿ, ಅಂದರೆ ತೂಕ ಇಳಿಸಲು ಮಾಡುವ ಆಪರೇಷನ್ ಬಗ್ಗೆ ಒಂದು ಕರಪತ್ರ ಬರೆಯುತ್ತಿದ್ದೇನೆ. ಕರಡಿನಲ್ಲಿ ಒಂದು ಸಾಲು ಹೀಗಿದೆ: "ಆಪರೇಷನ್ ಆದ ಮೇಲೆ ಗಂಡಸ್ತನ ಸುಧಾರಿಸುತ್ತದೆ." ಇದು ನನಗೆ ಸರಿ ಕಾಣುತ್ತಿಲ್ಲ.

ಗಂಡಸ್ತನ ಅಂದರೆ ಜನರ ಮನಸ್ಸಿನಲ್ಲಿ ಹಾಸಿಗೆಯ ಶಕ್ತಿಯೂ ಬಂತು, ಮಕ್ಕಳಾಗುವ ಶಕ್ತಿಯೂ ಬಂತು. ಈ ಆಪರೇಷನ್ ನಂತರ ಅವೆರಡೂ ಒಟ್ಟಿಗೆ ಏರುತ್ತವೆ ಎನ್ನುವ ಹಾಗಿಲ್ಲ. ಕೊಬ್ಬಿನಲ್ಲಿ ಅರೋಮಟೇಸ್ ಎಂಬ ಕಿಣ್ವ ಇರುತ್ತದೆ. ಅದು ಗಂಡಸರ ಮುಖ್ಯ ಹಾರ್ಮೋನ್ ಆದ ಟೆಸ್ಟೋಸ್ಟಿರಾನನ್ನು ಈಸ್ಟ್ರೋಜನ್ ಎಂಬ ಹೆಂಗಸರ ಹಾರ್ಮೋನ್ ಮಾಡಿಬಿಡುತ್ತದೆ. ತೂಕ ಇಳಿದಾಗ ಟೆಸ್ಟೋಸ್ಟಿರಾನ್ ಏರುತ್ತದೆ, ಹಲವರಲ್ಲಿ ನಿಮಿರುವಿಕೆಯೂ ಸುಧಾರಿಸುತ್ತದೆ. ವೀರ್ಯಾಣುಗಳ ವಿಷಯ ಬೇರೆ. ಕೆಲವರಲ್ಲಿ ಹೆಚ್ಚುತ್ತವೆ, ಕೆಲವರಲ್ಲಿ ಇದ್ದ ಹಾಗೇ ಇರುತ್ತವೆ. ತೂಕ ಸರ್ರನೆ ಇಳಿಯುವ ಮೊದಲ ತಿಂಗಳುಗಳಲ್ಲಿ ಕಡಿಮೆಯಾದದ್ದೂ ಉಂಟು. ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು. ಆ ಹೊತ್ತಿನಲ್ಲಿ ಸತು, ಫೋಲೇಟ್‌ನಂಥವು ದೇಹಕ್ಕೆ ಸಾಲದೆ ಹೋದರೆ ಕಷ್ಟ. ಇನ್ನು ಸಕ್ಕರೆ ಕಾಯಿಲೆಯಿಂದ ನರ ಹಾಳಾಗಿ, ವೀರ್ಯ ಹಿಂದಕ್ಕೆ ಮೂತ್ರಕೋಶಕ್ಕೆ ಹೋಗುವವರೂ ಇದ್ದಾರೆ.

ಮಗು ಬೇಕೆನ್ನುವವನು ನನ್ನ ಸಾಲು ಓದಿ, ಆಪರೇಷನ್‌ಗೆ ಮೊದಲು ವೀರ್ಯ ಪರೀಕ್ಷೆಯನ್ನೇ ಮಾಡಿಸದೆ ಹೋದರೆ? ಬೇಕಿದ್ದರೆ ಮೊದಲೇ ವೀರ್ಯವನ್ನು ಶೀತಲೀಕರಿಸಿ ಇಡಬಹುದು ಎಂಬುದೂ ಅವನಿಗೆ ತಿಳಿಯದೆ ಹೋಗುತ್ತದೆ.

ಪತ್ರಿಕೆಗಳು "ಪುರುಷ ಬಂಜೆತನ" ಎಂದು ಬರೆಯುತ್ತವೆ. ಬಂಜೆ ಅನ್ನುವುದು ಹೆಂಗಸಿಗೆ ಅಂಟಿಸಿದ ಮಾತು, ನೋಯಿಸುವ ಮಾತು. ಅದು ನನಗೆ ಬೇಡವೇ ಬೇಡ. ಫಲವತ್ತತೆ ಅಂದರೆ ಹೊಲ, ಗೊಬ್ಬರ ನೆನಪಾಗುತ್ತದೆ, ಅಲ್ವಾ?

ಉಳಿದದ್ದು ಸಂತಾನಶಕ್ತಿ. ಅರ್ಥ ಸರಿಯಾಗಿ ಕೂರುತ್ತದೆ. ಆದರೆ ನಮ್ಮ ಜನ ಈ ಪದವನ್ನು ಜಾಸ್ತಿ ಕೇಳಿರುವುದು "ಸಂತಾನಶಕ್ತಿ ಹರಣ ಶಸ್ತ್ರಚಿಕಿತ್ಸೆ"ಯಲ್ಲಿ. ಅಲ್ಲೂ ಇದೇ ಗೊಂದಲ. ವ್ಯಾಸೆಕ್ಟಮಿಯಿಂದ, ಅಂದರೆ ಗಂಡಸರಿಗೆ ಮಾಡುವ ಸಂತಾನಹರಣ ಆಪರೇಷನ್‌ನಿಂದ, ಗಂಡಸ್ತನವೇ ಹೋಗುತ್ತದೆ ಎಂದು ಹೆದರಿ ಗಂಡಸರು ಹಿಂದೆ ಸರಿಯುತ್ತಾರೆ, ಆಪರೇಷನ್ ಹೆಂಡತಿಯ ಪಾಲಿಗೆ ಬರುತ್ತದೆ. ಈಗ ಸಂತಾನಶಕ್ತಿ, ಆಪರೇಷನ್ ಎರಡೂ ಒಂದೇ ಸಾಲಿನಲ್ಲಿ ಬಂದರೆ ಓದುವವರು ಇದೂ ಸಂತಾನಹರಣದ ಆಪರೇಷನ್ ಎಂದೇ ಅಂದುಕೊಂಡಾರೇ?

"ಟೆಸ್ಟೋಸ್ಟಿರಾನ್ ಏರುತ್ತದೆ, ವೀರ್ಯಾಣು ಹೆಚ್ಚುತ್ತದೆ ಎಂಬ ಖಾತ್ರಿ ಇಲ್ಲ" ಎಂದು ಬಿಡಿಸಿಯೇ ಬರೆಯೋಣವೆಂದಿದ್ದೇನೆ. ಆದರೂ ತಲೆಬರಹಕ್ಕೆ ಒಂದು ಪದ ಬೇಕು. ವೀರ್ಯಾಣು ಕಡಿಮೆ ಇದ್ದರೆ ಬೆಂಗಳೂರಿನ ಕಡೆ "ಕೌಂಟ್ ಕಮ್ಮಿ" ಅನ್ನುತ್ತಾರೆ. ಧಾರವಾಡ, ಕಲಬುರಗಿ, ಮಂಗಳೂರು ಕಡೆಯವರು ಮನೆಯಲ್ಲಿ ಇದಕ್ಕೆ ಏನನ್ನುತ್ತೀರಿ? ಗಂಡಸಿನ ಮುಖಕ್ಕೆ ಹೇಳಿದರೂ ಅವನಿಗೆ ಅವಮಾನ ಅನಿಸದ ಪದವಿದ್ದರೆ ದಯವಿಟ್ಟು ತಿಳಿಸಿ.