ತಿರುವಿನಲ್ಲಿ ಶಾರ್ಟ್ ಆಗುವ ಹಳೇ ಹಿತ್ತಾಳೆ ಇಂಜಿನ್

ಪ್ರಶ್ನೆ:
ನಮಸ್ಕಾರ. ಹೋದ ತಿಂಗಳು ಸೆಕೆಂಡ್ ಹ್ಯಾಂಡ್‌ನಲ್ಲಿ ಮಾದರಿ ರೈಲಿನ ಒಂದು ಹಿತ್ತಾಳೆ ಉಗಿ ಇಂಜಿನ್ ಕೊಂಡೆ, ಓಡುವುದು ಹಳಿಯ ಕರೆಂಟ್‌ನಿಂದ. ಎಚ್‌ಒ ಅಳತೆ (ನಿಜವಾದ ರೈಲಿನ 87ರಲ್ಲಿ ಒಂದು ಪಾಲು), ಜಪಾನಿನಲ್ಲಿ ಮಾಡಿದ್ದು. ಎಷ್ಟೋ ವರ್ಷ ಡಬ್ಬಿಯಲ್ಲೇ ಇತ್ತಂತೆ. ನೇರ ಹಳಿಯಲ್ಲಿ ಜಗ್ಗಿ ಜಗ್ಗಿ ಓಡುತ್ತದೆ. ತಿರುವು ಬಂದ ಕೂಡಲೇ ಹಳಿಗೆ ಕರೆಂಟ್ ಕೊಡುವ ಕಂಟ್ರೋಲರ್ ಟ್ರಿಪ್ ಆಗುತ್ತದೆ. ಸ್ವಲ್ಪ ಹೊತ್ತು ಓಡಿಸಿದರೂ ಮೋಟರ್ ಮುಟ್ಟಲಾಗದಷ್ಟು ಬಿಸಿ. ಪೂರ್ತಿ ಬಿಚ್ಚಿ ತೊಳೆಯಲಾ? ಮೈಯೆಲ್ಲ ಕಪ್ಪಾಗಿದೆ, ಪಾಲಿಶ್ ಮಾಡುವ ಆಸೆಯೂ ಇದೆ.

ಉತ್ತರ:
ಈಗಲೇ ಬಿಚ್ಚಬೇಡಿ. ಇಲ್ಲಿ ಎರಡು ತೊಂದರೆ ಇದ್ದಂತಿದೆ, ಒಂದೊಂದಾಗಿ ನೋಡೋಣ.

ಮೊದಲು ಟ್ರಿಪ್. ಹಿತ್ತಾಳೆ ಇಂಜಿನ್‌ಗೆ ಮೈಯೇ ತಂತಿ. ಇಂಜಿನ್ ಒಂದು ಬದಿಯ ಹಳಿಯಿಂದ ಕರೆಂಟ್ ತಗೊಳ್ಳುತ್ತದೆ, ಟೆಂಡರ್ (ಇಂಜಿನ್ ಹಿಂದಿನ ಕಲ್ಲಿದ್ದಲು-ನೀರಿನ ಗಾಡಿ) ಇನ್ನೊಂದು ಬದಿಯಿಂದ. ಎರಡರಲ್ಲೂ ಎದುರು ಬದಿಯ ಚಕ್ರಗಳಿಗೆ ಇನ್ಸುಲೇಷನ್ ಇರುತ್ತದೆ. ಆ ಚಕ್ರ ಎಲ್ಲಾದರೂ ಮೈಗೆ ತಾಗಿತೋ, ಶಾರ್ಟ್. ತಿರುವಿನಲ್ಲಿ ಮುಂದಿನ ಪುಟ್ಟ ಚಕ್ರಗಳು ಪಕ್ಕಕ್ಕೆ ಸರಿದು ಸಿಲಿಂಡರ್‌ನ ಹಿಂಭಾಗಕ್ಕೆ ಉಜ್ಜುತ್ತವೆ. ಬ್ರೇಕ್ ಶೂ ಬಗ್ಗಿದ್ದರೂ ಹೀಗೇ. ಕ್ಯಾಬ್‌ನ (ಚಾಲಕನ ಕೋಣೆಯ) ಹಿಂದಿನ ಅಂಚು ಟೆಂಡರ್‌ಗೆ ತಾಗಿದರೂ ಅಷ್ಟೇ, ಯಾಕೆಂದರೆ ಆ ಎರಡು ಮೈಗಳಲ್ಲಿ ಇರುವುದು ಬೇರೆ ಬೇರೆ ಹಳಿಯ ಕರೆಂಟ್. ಟೆಂಡರ್ ಬೋಗಿಯನ್ನು (ಅದರ ಚಕ್ರಗಳ ಚೌಕಟ್ಟನ್ನು) ತಿರುಗಾಮುರುಗಾ ಕೂರಿಸಿದ್ದರೆ ನೇರ ಹಳಿಯಲ್ಲೂ ಟ್ರಿಪ್ ಆಗುತ್ತಿತ್ತು, ಹಾಗಾಗಿ ಅದಲ್ಲ.

ರಾತ್ರಿ ದೀಪ ಆರಿಸಿ, ಕರೆಂಟ್ ಕಮ್ಮಿ ಇಟ್ಟು, ಇಂಜಿನ್ನನ್ನು ಕೈಯಿಂದ ನಿಧಾನಕ್ಕೆ ತಿರುವಿಗೆ ತಳ್ಳಿ. ತಾಗುವ ಕಡೆ ಸಣ್ಣ ನೀಲಿ ಕಿಡಿ ಕಾಣುತ್ತದೆ.

ಇನ್ನು ಬಿಸಿ. ಮೋಟರ್ ಮತ್ತು ಗೇರ್‌ಬಾಕ್ಸ್ ನಡುವೆ ರಬ್ಬರ್ ಕೊಳವೆ ಇದ್ದರೆ ಅದನ್ನು ಕಳಚಿ, ಇಂಜಿನ್ನಿನ ಗೇರ್ ಕೈಯಿಂದ ತಿರುಗಿಸಿ ನೋಡಿ. ಹಳೇ ಗ್ರೀಸ್ ಗೋಂದಿನ ಹಾಗೆ ಗಟ್ಟಿಯಾಗಿರುತ್ತದೆ. ಹಲ್ಲುಕಡ್ಡಿಯಿಂದ ಕೆರೆದು, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಬ್ರಷ್‌ನಿಂದ ಒರೆಸಿ. ಮೈಗೆ ತಾಗಿಸಬೇಡಿ, ಬಣ್ಣ ಏಳಬಹುದು. ಗೇರ್‌ಗೆ ಹೊಸ ಗ್ರೀಸ್ ಚೂರು, ಆಕ್ಸಲ್‌ಗೆ ಸೂಜಿ ಮೊನೆಯಷ್ಟು ಎಣ್ಣೆ. ಕೊಳವೆ ಗಟ್ಟಿಯಾಗಿದ್ದರೆ ಅದೂ ಬದಲಿಸಿ.

ಒಂದು ಮಾತು ಖಂಡಿತ ನೆನಪಿಡಿ: ತೆರೆದ ಮೈಯ ಹಳೇ ಮೋಟರ್‌ನ ಆರ್ಮೇಚರ್ (ಒಳಗೆ ತಿರುಗುವ, ತಂತಿ ಸುತ್ತಿದ ಭಾಗ) ಹೊರಗೆ ತೆಗೆಯಬೇಡಿ. ಆ ಮೋಟರ್‌ನ ಆಲ್ನಿಕೊ (ಒಂದು ಮಿಶ್ರಲೋಹ) ಅಯಸ್ಕಾಂತ ಅಷ್ಟಕ್ಕೇ ಸೊರಗುತ್ತದೆ, ಆಮೇಲೆ ಮೋಟರ್ ಇನ್ನೂ ಜಾಸ್ತಿ ಕರೆಂಟ್ ಎಳೆದು ಇನ್ನೂ ಬಿಸಿಯಾಗುತ್ತದೆ.

ಪಾಲಿಶ್ ಅಂತೂ ಬೇಡವೇ ಬೇಡ. ಹಿತ್ತಾಳೆಯ ಮೇಲೆ ತೆಳು ಲ್ಯಾಕರ್ (ಪಾರದರ್ಶಕ ಲೇಪ) ಇರುತ್ತದೆ, ಉಜ್ಜಿದರೆ ಅದೂ ಹೋಗುತ್ತದೆ, ಎಳೆಯಂಥ ಪೈಪುಗಳೂ ಮುರಿಯುತ್ತವೆ. ಕಪ್ಪು ಅದರ ವಯಸ್ಸು, ಇರಲಿ ಬಿಡಿ. ಡಬ್ಬಿಯ ಹಳೇ ಸ್ಪಂಜು ಪುಡಿಯಾಗಿ ಮೈಗೆ ಅಂಟುವಂತಿದ್ದರೆ ಮಾತ್ರ ಇವತ್ತೇ ಎಸೆಯಿರಿ.

ಪ್ರಶ್ನೆ ಕೇಳಿದವರು, ಮೂರು ದಿನದ ಮೇಲೆ:
ಸಿಕ್ಕಿತು! ಸಿಲಿಂಡರ್ ಹಿಂದೆ ಸಾಸಿವೆ ಕಾಳಿನಷ್ಟು ಕಪ್ಪು ಕಲೆ. ಅಲ್ಲಿಗೆ ಸಣ್ಣ ಟೇಪ್ ಅಂಟಿಸಿದೆ, ತಿರುವಿನಲ್ಲಿ ಈಗ ನಿಲ್ಲುವುದಿಲ್ಲ. ಗ್ರೀಸ್ ತೆಗೆದ ಮೇಲೆ ಬಿಸಿಯೂ ಕಮ್ಮಿ. ಆದರೆ ಚಕ್ರ ಒಂದೊಂದು ಸುತ್ತಿಗೂ ಒಂದೇ ಜಾಗದಲ್ಲಿ ಹಿಡಿಯುತ್ತದೆ.

ಉತ್ತರ:
ಹಾಗಾದರೆ ಸೈಡ್ ರಾಡ್, ಅಂದರೆ ಒಂದೇ ಬದಿಯ ಚಕ್ರಗಳನ್ನು ಜೋಡಿಸುವ ಪಟ್ಟಿ, ನೋಡಿ. ಎರಡು ಬದಿಯ ಚಕ್ರಗಳ ಕ್ರ್ಯಾಂಕ್ ಪಿನ್‌ಗಳು (ರಾಡ್ ಕೂರುವ ಮೊಳೆಗಳು) ಒಂದಕ್ಕೊಂದು 90 ಡಿಗ್ರಿ ಇರಬೇಕು. ಕದಲಿದ್ದರೆ ಹೀಗೇ ಹಿಡಿಯುತ್ತದೆ. ಆದರೆ ಚಕ್ರಕ್ಕೆ ಕೈ ಹಾಕುವ ಮುಂಚೆ, ಹಿಡಿಯುವ ಜಾಗದಲ್ಲಿ ನಿಲ್ಲಿಸಿ ಪ್ರತಿ ರಾಡ್ ಅಲ್ಲಾಡಿಸಿ. ಎಲ್ಲಕ್ಕೂ ಕೂದಲಿನಷ್ಟು ಸಡಿಲ ಇರಬೇಕು. ಯಾವುದು ಅಲ್ಲಾಡುವುದಿಲ್ಲವೋ ಅದೇ ಕಳ್ಳ. ಅದರ ತೂತು ದುಂಡು ಅರದಿಂದ ಒಂದೆರಡು ಸಲ ಮಾತ್ರ ಉಜ್ಜಿ, ಹಾಕಿ ನೋಡಿ, ಬೇಕಿದ್ದರೆ ಮತ್ತೆ.

ಪ್ರಶ್ನೆ ಕೇಳಿದವರು:
ಬಲಗಡೆಯ ಹಿಂದಿನ ರಾಡೇ. ಮೂರು ಸಲ ಉಜ್ಜಿದ ಮೇಲೆ ಬಿಟ್ಟಿತು. ಈಗ ತೆವಳುವ ವೇಗದಲ್ಲೂ ನಿಲ್ಲದೆ ಹೋಗುತ್ತಿದೆ. ತುಂಬಾ ಧನ್ಯವಾದ.